ಕಾಗದದ ಸ್ವೋರ್ಡ್‌ಫಿಶ್: ಮೇಲಿನ ರೆಕ್ಕೆಗೆ ಆತುರ ಬೇಡ

1:33 ಅಳತೆಯಲ್ಲಿ, ಅಂದ್ರೆ ನಿಜ ವಿಮಾನದ 33ನೇ ಒಂದು ಪಾಲಿನಲ್ಲಿ, ಕಾಗದದ ಫೇರಿ ಸ್ವೋರ್ಡ್‌ಫಿಶ್ ಮಾಡೆಲ್ ಮಾಡುತ್ತಿರುವವರಿಗೆ ಒಂದು ಮಾತು. 1940ರಲ್ಲಿ ಇಟಲಿಯ ಟರಾಂಟೊ ಬಂದರಿನ ಮೇಲೆ ದಾಳಿ ಮಾಡಿದ ಬ್ರಿಟಿಷ್ ನೌಕಾಪಡೆಯ ವಿಮಾನ ಇದೇ ಅಲ್ವಾ? ಮೇಲೊಂದು ಕೆಳಗೊಂದು ರೆಕ್ಕೆ, ಅಗಲ ಸುಮಾರು 42 ಸೆಂ.ಮೀ. ಬರುತ್ತದೆ. ರೆಕ್ಕೆಗಳ ನಡುವಿನ ಕಂಬಗಳನ್ನು ಸುಮ್ನೆ ಕಾಗದ ಸುತ್ತಿ ಮಾಡಿದರೆ ಮೇಲಿನ ರೆಕ್ಕೆಯ ಭಾರಕ್ಕೆ ಬಾಗುತ್ತವೆ. ಒಳಗೆ ತೆಳು ತಂತಿ ಇಟ್ಟು ಸುತ್ತಿ.

ಮೇಲಿನ ರೆಕ್ಕೆ ಕೂರಿಸುವ ಮೊದಲೇ ಬಿಗಿ ತಂತಿಗಳ (ಎರಡು ರೆಕ್ಕೆಗಳ ನಡುವೆ ಎಳೆದು ಕಟ್ಟುವ ತಂತಿಗಳು) ಜಾಗದಲ್ಲಿ ಸೂಜಿಯಿಂದ ತೂತು ಮಾಡಿಕೊಳ್ಳಿ. ಆಮೇಲೆ ಒಳಗೆ ಕೈ ಹೋಗುವುದಿಲ್ಲ. ಈ ಬಿಗಿ ತಂತಿಗಳಿಗೆ ಹತ್ತಿ ದಾರ ಬೇಡ, ನಾರು ಎದ್ದು ಕಾಣುತ್ತದೆ. ಗಾಳದ ಸಣ್ಣ ನೈಲಾನ್ ದಾರವೇ ಚೆನ್ನ.

ಕತ್ತರಿಸಿದ ಅಂಚಿನ ಬಿಳಿ ಗೆರೆಗೆ ವಾಟರ್‌ಕಲರ್ ಹಚ್ಚಿ, ಪೂರ್ತಿ ಒಣಗಿದ ಮೇಲಷ್ಟೇ ಅಂಟಿಸಿ. ಇಷ್ಟಕ್ಕೇ ಮಾಡೆಲ್‌ನ ಕಳೆ ಬದಲಾಗುತ್ತದೆ.