ಪಿಂಕ್ ಫ್ಲಾಯ್ಡ್ ಎರಡನೇ ಆಲ್ಬಂ ಕೇಳೋದು ಹೇಗೆ: ಗಿಟಾರ್ ಬಿಡಿ, ಆರ್ಗನ್ ಹಿಂದೆ ಹೋಗಿ

ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಅಂದ್ರೆ ಹೆಚ್ಚಿನವರಿಗೆ ಪ್ರಿಸಂ ಇರುವ ಕಪ್ಪು ಕವರ್ ನೆನಪಾಗುತ್ತದೆ, ಇಲ್ಲಾಂದ್ರೆ 'ದ ವಾಲ್' ಆಲ್ಬಂನ ಗೋಡೆ. ಅಲ್ಲಿಂದ ಹಿಂದಕ್ಕೆ ಹೋಗಿ 1968ರ 'ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್' ಹಾಕಿದವರು ಎರಡನೇ ಹಾಡು ಮುಗಿಯೋದರೊಳಗೆ ಬೇರೆ ಏನಾದರೂ ಹಾಕಿಬಿಡುತ್ತಾರೆ. ಅವರ ತಪ್ಪಲ್ಲ ಬಿಡಿ. ಅವರ ಕಿವಿ ಹುಡುಕುತ್ತಿರೋದು ಡೇವಿಡ್ ಗಿಲ್ಮೋರ್‌ನ ಉದ್ದುದ್ದ ಗಿಟಾರ್ ಸೋಲೋ, ಆದರೆ ಈ ಆಲ್ಬಂನಲ್ಲಿ ಅವನು ಆಗಷ್ಟೇ ಬಂದು ಸೇರಿದ ಹುಡುಗ, ಮೊದಲ ಆಲ್ಬಂನ ಹಾಡುಗಳನ್ನು ಹೆಚ್ಚೂಕಮ್ಮಿ ಒಬ್ಬನೇ ಬರೆದಿದ್ದ ಸಿಡ್ ಬ್ಯಾರೆಟ್ ಹೊರಗೆ ಹೋಗುತ್ತಿದ್ದಾನೆ, ಮಧ್ಯದಲ್ಲಿ ಮನೆ ಬೀಳದ ಹಾಗೆ ಹಿಡಿದುಕೊಂಡಿರೋರು ಕೀಬೋರ್ಡಿನ ರಿಕ್ ರೈಟ್ ಮತ್ತು ಡ್ರಮ್ಸಿನ ನಿಕ್ ಮೇಸನ್. ನನ್ನ ಪ್ರಕಾರ ಇದು ಅವರಿಬ್ಬರ ಆಲ್ಬಂ. ಹಾಗಂದುಕೊಂಡು ಕೇಳಿದರೆ ಪೂರ್ತಿ ಬೇರೆಯೇ ಕೇಳಿಸುತ್ತದೆ.

ಮೊದಲು ತಯಾರಿ. ಇಡೀ ಆಲ್ಬಂ ಸುಮಾರು 39 ನಿಮಿಷ, ಏಳು ಹಾಡು. ಅಷ್ಟು ಹೊತ್ತು ಸಿಗುವ ದಿನ ಮಾತ್ರ ಕೂರಿ. ಆ್ಯಪ್‌ನಲ್ಲಿ ಶಫಲ್ ಆಫ್ ಮಾಡಿ, ಒಂದು ಹಾಡನ್ನು ಇನ್ನೊಂದರೊಳಗೆ ಬೆರೆಸುವ ಕ್ರಾಸ್‌ಫೇಡ್ ಆಫ್ ಮಾಡಿ, ಕೊನೆಯಲ್ಲಿ ತಾನಾಗಿ ಇನ್ನೇನೋ ಶುರುವಾಗುವ ಆಟೋಪ್ಲೇಯನ್ನಂತೂ ಖಂಡಿತ ಆಫ್ ಮಾಡಿ. ಕೊನೆಯ ಹಾಡಾದ ಮೇಲೆ ಒಂದು ನಿಮಿಷ ಸುಮ್ನೆ ಇರಬೇಕು ಅನ್ನಿಸುತ್ತದೆ, ಆಗ ಆ್ಯಪ್ ಬಾಯಿ ಹಾಕಬಾರದು. ವಾಲ್ಯೂಮನ್ನು ಸಮ ಮಾಡುವ ನಾರ್ಮಲೈಸ್ ಸೆಟ್ಟಿಂಗ್ ಇದ್ದರೆ ಅದೂ ಬೇಡ. ತೀರಾ ಮೆಲ್ಲಗೆ ಶುರುವಾಗಿ ಗದ್ದಲಕ್ಕೆ ಏರುವುದೇ ಇಲ್ಲಿನ ಆಟ. ಯೂಟ್ಯೂಬಿನಲ್ಲಿ ಕೇಳೋದಾದ್ರೆ ಜಾಹೀರಾತು ಬರದ ಖಾತೆಯಲ್ಲಿ ಕೇಳಿ. ಹನ್ನೆರಡು ನಿಮಿಷದ ಹಾಡಿನ ನಡುವೆ ಡಿಟರ್ಜೆಂಟ್ ಜಾಹೀರಾತು ಬಂದರೆ ಕಥೆ ಮುಗಿದ ಹಾಗೆ.

ಫೋನಿನ ಸ್ಪೀಕರ್ ಬೇಡವೇ ಬೇಡ. ರೋಜರ್ ವಾಟರ್ಸ್ ನುಡಿಸುವ ಬೇಸ್ ಗಿಟಾರ್ ಅದರಲ್ಲಿ ಕೇಳಿಸೋದೇ ಇಲ್ಲ, ಮೊದಲ ಹಾಡು ನಿಂತಿರೋದೇ ಬೇಸ್ ಮೇಲೆ. ಅಂಗೈಯಷ್ಟು ಬ್ಲೂಟೂತ್ ಸ್ಪೀಕರ್‌ನಲ್ಲಿ ಎಡ ಬಲ ಎರಡೂ ಒಂದೇ ಕಡೆ ಸೇರಿಹೋಗುತ್ತವೆ. ಸಾಧಾರಣ ವೈರ್ ಹೆಡ್‌ಫೋನ್ ಸಾಕು, ದುಬಾರಿಯದು ಬೇಕಿಲ್ಲ. ಇನ್ನೊಂದು ಮಾತು: ಸೈಕೆಡೆಲಿಕ್, ಅಂದರೆ ಅಮಲಿನ ಭ್ರಮೆಯಂಥ ಸಂಗೀತ, ಅಂತ ಹೆಸರಿದೆ ಅಂತ ಏನೂ ಸೇದಬೇಕಿಲ್ಲ, ನುಂಗಬೇಕಿಲ್ಲ. ಒಂದು ಕಾಫಿ ಸಾಕು. ಎಚ್ಚರವಾಗಿದ್ದಷ್ಟೂ ಜಾಸ್ತಿ ಕೇಳಿಸುತ್ತದೆ.

ಕವರ್ ಚಿತ್ರವನ್ನು ದೊಡ್ಡದಾಗಿ ತೆರೆದು ನೋಡಿ. ಫೋನಿನ ಹೆಬ್ಬೆರಳಗಲದ ಚಿತ್ರದಲ್ಲಿ ಅದು ಬರೀ ಹೊಗೆ. ದೊಡ್ಡದು ಮಾಡಿದರೆ ಗ್ರಹಗಳು, ರಾಶಿಚಕ್ರ, ಪುಟ್ಟದಾಗಿ ಬ್ಯಾಂಡಿನವರು, ಜೊತೆಗೆ ಮಾರ್ವೆಲ್ ಕಾಮಿಕ್ಸಿನ ಡಾಕ್ಟರ್ ಸ್ಟ್ರೇಂಜ್. ಹೌದು, ಅದೇ ಡಾಕ್ಟರ್ ಸ್ಟ್ರೇಂಜ್. ಇದನ್ನು ಮಾಡಿದ್ದು ಹಿಪ್ನೋಸಿಸ್ ಅನ್ನುವ ತಂಡ, ಸ್ಟಾರ್ಮ್ ಥಾರ್ಗರ್ಸನ್ ಮತ್ತು ಆಬ್ರಿ ಪೊವೆಲ್. ಅವರಿಗೆ ಇದು ಮೊದಲ ಆಲ್ಬಂ ಕವರ್. ಪ್ರಿಸಂ ಕವರ್ ಕೂಡ ಮುಂದೆ ಅವರ ಕೈಯಿಂದಲೇ ಬಂತು.

ಈಗ ಕೇಳೋ ಕ್ರಮ. ಮೊದಲ ಸಲ ಏನನ್ನೂ ಓದದೆ, ಸಾಹಿತ್ಯ ನೋಡದೆ, ಒಂದೇ ಗುಕ್ಕಿಗೆ ಕೇಳಿ. ಅರ್ಥ ಆಗಲಿಲ್ಲ ಅಂದರೆ ಪರವಾಗಿಲ್ಲ. ಎರಡನೇ ಸಲ ರೈಟ್‌ನ ಆರ್ಗನ್ ಎಲ್ಲೆಲ್ಲಿದೆ ಅಂತ ಮಾತ್ರ ಹುಡುಕಿ, ದನಿ ಗಿಟಾರ್ ಎಲ್ಲ ಪಕ್ಕಕ್ಕಿಡಿ. ಮೂರನೇ ಸಲ ಡ್ರಮ್ಸ್. ಮೇಸನ್ ಇಲ್ಲಿ ಬರೀ ತಾಳ ಹಾಕುತ್ತಿಲ್ಲ, ಎಷ್ಟೋ ಕಡೆ ರಾಗದ ಕೆಲಸವನ್ನೂ ಡ್ರಮ್ಸೇ ಮಾಡುತ್ತದೆ. ಮೂರೂ ಒಂದೇ ದಿನ ಮಾಡಲು ಹೋಗಬೇಡಿ, ತಲೆ ನೋಯುತ್ತದೆ.

ಎಲ್‌ಪಿ ತಟ್ಟೆಯ ಮೊದಲ ಮಗ್ಗುಲಲ್ಲಿ ನಾಲ್ಕು ಹಾಡು. 'ಲೆಟ್ ದೇರ್ ಬಿ ಮೋರ್ ಲೈಟ್' ಓಡೋ ಬೇಸ್‌ನಿಂದ ಶುರುವಾಗುತ್ತದೆ, ಅದರ ಮೇಲೆ ಡ್ರಮ್ಸಿನ ಲೋಹದ ತಟ್ಟೆ ಸಿಂಬಲ್, ಅದರ ಮೇಲೆ ಆರ್ಗನ್. ಓಟ ಹೀಗೇ ಸಾಗುತ್ತದೆ ಅಂದುಕೊಳ್ಳುವಷ್ಟರಲ್ಲಿ ಎಲ್ಲ ನಿಧಾನವಾಗಿ ರೈಟ್ ಮೆಲುದನಿಯಲ್ಲಿ ಹಾಡತೊಡಗುತ್ತಾನೆ. ಬಾಹ್ಯಾಕಾಶದಿಂದ ಹಡಗು ಬಂದು ಇಳಿಯುವ ಕಥೆ. ಕೊನೆಯಲ್ಲಿ ಗಿಲ್ಮೋರ್‌ನ ಸೋಲೋ ಇದೆ, ಗಿಟಾರಿಗಾಗಿ ಬಂದವರು ಅದನ್ನು ಕೇಳಿಕೊಂಡು ಸಮಾಧಾನ ಮಾಡಿಕೊಳ್ಳಿ.

'ರಿಮೆಂಬರ್ ಎ ಡೇ' ರೈಟ್ ಬರೆದು ಹಾಡಿದ್ದು, ಬಾಲ್ಯದ ನೆನಪು. ಇಲ್ಲಿ ಜಾರುತ್ತಾ ಅಳುವ ಸ್ಲೈಡ್ ಗಿಟಾರ್ ಸಿಡ್‌ನದು. ಡ್ರಮ್ಸ್ ಮಾತ್ರ ಮೇಸನ್‌ನದಲ್ಲ! ಹಾಡಿಗೆ ಬೇಕಾದ ನಡಿಗೆ ಅವನಿಗೆ ಕೂಡಿಬರಲಿಲ್ಲ, ನಿರ್ಮಾಪಕ ನಾರ್ಮನ್ ಸ್ಮಿತ್ ತಾವೇ ಕೂತು ಬಾರಿಸಿದರು. ಬೀಟಲ್ಸ್ ಜೊತೆ 1965ರವರೆಗೂ ರೆಕಾರ್ಡಿಂಗ್ ಎಂಜಿನಿಯರ್ ಆಗಿದ್ದ ಮನುಷ್ಯ ಅವರು. ಮೂರನೇ ಸಲ ಡ್ರಮ್ಸ್ ಹಿಂದೆ ಹೋದಾಗ ಈ ಹಾಡಿನ ಕೈ ಬೇರೆ ಅಂತ ಗೊತ್ತಾಗುತ್ತದೆ, ಗಮನಿಸಿ.

'ಸೆಟ್ ದ ಕಂಟ್ರೋಲ್ಸ್ ಫಾರ್ ದ ಹಾರ್ಟ್ ಆಫ್ ದ ಸನ್' ಈ ಮಗ್ಗುಲಿನ ಜೀವ. ಬೇಸ್ ಒಂದೇ ಪುಟ್ಟ ಸಾಲನ್ನು ಸುತ್ತಿ ಸುತ್ತಿ ನುಡಿಸುತ್ತದೆ, ವಾಟರ್ಸ್ ಪಿಸುಗುಡುತ್ತಾನೆ, ಅಷ್ಟೇ. ಕೋರಸ್ ಬರಲಿ, ಏರಲಿ ಅಂತ ಕಾಯುತ್ತಾ ಕೂತರೆ ಬೇಜಾರಾಗುತ್ತದೆ. ತಂಬೂರಿ ಶ್ರುತಿ ಹಿಡಿದು ಕೂತಾಗ ಕೇಳುವ ಕಿವಿ ನಮ್ಮವರಿಗೆ ಇದ್ದೇ ಇದೆಯಲ್ವಾ, ಅದನ್ನೇ ಇಲ್ಲಿ ಬಳಸಿ. ಮೇಸನ್ ಮೃದುವಾದ ತಲೆಯಿರುವ ಕೋಲುಗಳಲ್ಲಿ ಬಾರಿಸುತ್ತಾನೆ. ಜಾಜ್ ಡ್ರಮ್ಮರ್ ಚಿಕೋ ಹ್ಯಾಮಿಲ್ಟನ್ ಹಾಗೆ ನುಡಿಸಿದ್ದು ಅವನ ತಲೆಯಲ್ಲಿತ್ತು. ಸಾಹಿತ್ಯದ ಕೆಲವು ಸಾಲುಗಳನ್ನು ವಾಟರ್ಸ್ ಚೀನಾದ ತಾಂಗ್ ಕಾಲದ ಕವಿತೆಗಳ ಇಂಗ್ಲಿಷ್ ಅನುವಾದದಿಂದ ಎತ್ತಿಕೊಂಡಿದ್ದಾನೆ. ಸಿಡ್ ಮತ್ತು ಗಿಲ್ಮೋರ್ ಇಬ್ಬರ ಗಿಟಾರೂ ಈ ಹಾಡಿನಲ್ಲಿದೆ, ಅಂದರೆ ಐದೂ ಜನ ಒಟ್ಟಿಗಿರುವ ಹಾಡು ಇದು. ಯಾವ ತಂತಿ ಯಾರದು ಅಂತ ಬಿಡಿಸೋಕೆ ಹೋಗಬೇಡಿ, ಅಷ್ಟು ಹಿಂದಕ್ಕಿವೆ ಎರಡೂ.

'ಕಾರ್ಪೊರಲ್ ಕ್ಲೆಗ್' ನನಗಂತೂ ಅಷ್ಟಕ್ಕಷ್ಟೇ. ಕಜೂ ಅಂತ ಒಂದು ಪುಟ್ಟ ವಾದ್ಯ, ಬಾಯಲ್ಲಿಟ್ಟು ಗುನುಗಿದರೆ ಗರಗರ ಅನ್ನುತ್ತದೆ, ಅದರ ಗಲಾಟೆ ಜಾಸ್ತಿ. ಆದರೂ ದಾಟಿಸಬೇಡಿ. ಯುದ್ಧದಿಂದ ಮರದ ಕಾಲು ತಂದ ಸಿಪಾಯಿಯ ಕಥೆ ಇದು, ಹಾಡಿನಲ್ಲಿ ಬರುವ ವರ್ಷ 1944. ವಾಟರ್ಸ್‌ನ ತಂದೆ ಇಟಲಿಯ ಆಂಜಿಯೋದಲ್ಲಿ ಸತ್ತಿದ್ದು ಅದೇ 1944ರಲ್ಲಿ, ಮಗು ಆಗಿನ್ನೂ ತಿಂಗಳುಗಳ ಕೂಸು. ಗೋಡೆಯ ಆಲ್ಬಂನಲ್ಲಿ ಮುಂದೆ ದೊಡ್ಡದಾಗಿ ಬರುವ ವಿಷಯ ಇಲ್ಲಿ ಮೊದಲ ಸಲ ಕೋಡಂಗಿ ವೇಷದಲ್ಲಿ ಬಂದಿದೆ.

ಇಲ್ಲಿ ಪಾಸ್ ಒತ್ತಿ ಎದ್ದು ನೀರು ಕುಡಿದು ಬನ್ನಿ. ಎಲ್‌ಪಿ ಕಾಲದಲ್ಲಿ ಮಗ್ಗುಲು ಬದಲಿಸೋಕೆ ಹೇಗೂ ಏಳಲೇಬೇಕಿತ್ತು. ಮುಂದಿನದು ಆಲ್ಬಂನ ಹೆಸರನ್ನೇ ಹೊತ್ತ ಹಾಡು, ಸುಮಾರು 12 ನಿಮಿಷ, ಮಾತು ಒಂದೂ ಇಲ್ಲ, ಕಿವಿ ಸುಸ್ತಾಗಿದ್ದರೆ ದಕ್ಕೋದಿಲ್ಲ.

ಜನ ಹೆದರೋದು ಇದಕ್ಕೇ. 'ಇದು ಹಾಡಾ?' ಅಂತ ಕೇಳುತ್ತಾರೆ. ಆ ಪ್ರಶ್ನೆ ಆಮೇಲೆ ನೋಡೋಣ, ಮೊದಲು ನಾಲ್ಕು ಭಾಗ ಅಂತ ತಿಳಿದುಕೊಳ್ಳಿ. ವಾಟರ್ಸ್ ಮತ್ತು ಮೇಸನ್ ಇಬ್ಬರೂ ಆರ್ಕಿಟೆಕ್ಚರ್ ಓದಿದವರು, ಇದನ್ನು ಸ್ವರಲಿಪಿಯಲ್ಲಿ ಬರೆಯಲಿಲ್ಲ, ಕಟ್ಟಡದ ನಕ್ಷೆಯ ಥರ ಕಾಗದದ ಮೇಲೆ ಏರಿಳಿತ ಗೀಚಿಕೊಂಡರು ಅಂತ ಗಿಲ್ಮೋರ್ ನೆನಪಿಸಿಕೊಂಡಿದ್ದಾನೆ. ನೀವೂ ಕೈಯಲ್ಲಿ ಒಂದು ಕಾಗದ ಪೆನ್ನು ಹಿಡಿದು ಕೇಳಿದಂತೆ ಗೆರೆ ಎಳೆಯುತ್ತಾ ಹೋಗಿ. ತಮಾಷೆ ಅಲ್ಲ, ಇದು ನಿಜಕ್ಕೂ ಕೆಲಸ ಮಾಡುತ್ತದೆ.

ಮೊದಲ ನಾಲ್ಕು ನಿಮಿಷ ಗೆರೆ ನೆಲದ ಮಟ್ಟದಲ್ಲೇ ಹರಿದಾಡುತ್ತದೆ. ತಳದಲ್ಲಿ ಕೇಳುವ ಗುಂಯ್ ಸದ್ದು ಸಿಂಬಲ್‌ನದು. ಮೆಲ್ಲಗೆ ತಟ್ಟಿ ಮೈಕನ್ನು ಅಂಚಿನ ತೀರಾ ಹತ್ತಿರ ಹಿಡಿದರೆ ದೂರದಿಂದ ಕೇಳದ ನಾದವೆಲ್ಲ ಹೊರಗೆ ಬರುತ್ತದೆ. ನಾಲ್ಕನೇ ನಿಮಿಷದ ಹೊತ್ತಿಗೆ ಡ್ರಮ್ಸ್ ಬರುತ್ತದೆ, ಒಂದೇ ವರಸೆ, ಮತ್ತೆ ಮತ್ತೆ, ನಿಲ್ಲೋದೇ ಇಲ್ಲ. ಅದು ಟೇಪಿನ ತುದಿಗಳನ್ನು ಅಂಟಿಸಿ ಸುತ್ತಿಸಿದ ಲೂಪ್. ಅದರ ಮೇಲೆ ರೈಟ್ ಪಿಯಾನೋಗೆ ಗುದ್ದುತ್ತಾನೆ, ಗಿಲ್ಮೋರ್ ಗಿಟಾರನ್ನು ನೆಲದ ಮೇಲೆ ಮಲಗಿಸಿ ಮೈಕ್ ಸ್ಟ್ಯಾಂಡಿನ ಕಾಲನ್ನು ಬಿಚ್ಚಿ ತಂತಿಗಳ ಮೇಲೆ ಎಳೆದಾಡುತ್ತಾನೆ. ಈ ಮೂರು ನಿಮಿಷ ಹಿತವಾಗಿಲ್ಲ, ಹಿತವಾಗಿರಬೇಕು ಅಂತ ಅವರು ಮಾಡಿಯೂ ಇಲ್ಲ. ವಾಲ್ಯೂಮ್ ಇಳಿಸಬೇಡಿ. ಇಲ್ಲಿ ಇಳಿಸಿದವರಿಗೆ ಮುಂದಿನದು ಸಿಗುವುದಿಲ್ಲ.

ಏಳನೇ ನಿಮಿಷದ ಹತ್ತಿರ ಗದ್ದಲ ಕರಗಿ ಆರ್ಗನ್ ಒಂದೇ ಉಳಿಯುತ್ತದೆ, ದಿಕ್ಕು ತಪ್ಪಿದ ಹಾಗೆ. ಎಂಟೂವರೆಗೆ ಅದೇ ಆರ್ಗನ್ ಸ್ವರಗಳನ್ನು ಒಂದೊಂದಾಗಿ ಮೆಟ್ಟಿಲಿನ ಮೇಲೆ ಇಡತೊಡಗುತ್ತದೆ. ಅಷ್ಟು ಹೊತ್ತು ಆಲ್ಬಂನಲ್ಲಿ ಅಲ್ಲಲ್ಲಿ ಇಣುಕಿದ ರೈಟ್ ಇಲ್ಲಿ ಪೂರ್ತಿ ಎದುರಿಗೆ ಬರುತ್ತಾನೆ. ಸ್ವರಗಳು ಏರುತ್ತಾ ಹೋಗುತ್ತವೆ, ಟೇಪಿನಲ್ಲಿ ಹಿಡಿದಿಟ್ಟ ಸದ್ದುಗಳನ್ನು ನುಡಿಸುವ ಕೀಬೋರ್ಡ್ ಮೆಲೊಟ್ರಾನ್ ಸೇರುತ್ತದೆ, ಪದಗಳಿಲ್ಲದ ದನಿಗಳು ಸೇರುತ್ತವೆ, ಹಿಂದಿನ ಮೂರು ನಿಮಿಷದ ಹಿಂಸೆ ಇಲ್ಲದಿದ್ದರೆ ಇದು ಬರೀ ಚರ್ಚಿನ ಸಂಗೀತ ಅನ್ನಿಸುತ್ತಿತ್ತು, ಅದನ್ನು ದಾಟಿ ಬಂದಿದ್ದಕ್ಕೇ ಇಲ್ಲಿ ಗಂಟಲು ಕಟ್ಟೋದು. ಇದೆಲ್ಲ ಆದ ಮೇಲೆ ನಾರ್ಮನ್ ಸ್ಮಿತ್, ಇನ್ನಾದರೂ ಮೂರು ನಿಮಿಷದ ಹಾಡು ಮಾಡಿ ಅಂದಿದ್ದರಂತೆ. ಹುಡುಗರು ಕೇಳಲಿಲ್ಲ, ಸದ್ಯ.

ಇದರ ಬೆನ್ನಿಗೆ ಬರುವ 'ಸೀ-ಸಾ' ರೈಟ್‌ನದೇ, ಚೆಂದವಿದೆ, ಮೆತ್ತಗಿದೆ. ರೆಕಾರ್ಡಿಂಗ್ ಹಾಳೆಯಲ್ಲಿ ಇದಕ್ಕೆ ಮೊದಲಿದ್ದ ಹೆಸರಿನ ಅರ್ಥ, ಎರಡು ಬಿಟ್ಟರೆ ನಾನು ಕೇಳಿದ ಅತಿ ಬೋರಿನ ಹಾಡು ಅಂತ. ಅಷ್ಟೇನೂ ಬೋರಿಲ್ಲ. ದೊಡ್ಡ ಹಾಡಾದ ಮೇಲೆ ಉಸಿರು ಬಿಡೋಕೆ ಇಟ್ಟುಕೊಳ್ಳಿ.

ಕೊನೆಯದು 'ಜಗ್‌ಬ್ಯಾಂಡ್ ಬ್ಲೂಸ್'. ಆಲ್ಬಂ ಇನ್ನೂ ಒಂದು ಸಲವೂ ಕೇಳದವರು ಈ ಭಾಗ ಬಿಟ್ಟು, ಕೇಳಿ ಬಂದು ಓದಿ.

ಈ ಆಲ್ಬಂಗೆ ಸಿಡ್ ಬರೆದ ಹಾಡು ಇದೊಂದೇ. ರೆಕಾರ್ಡ್ ಆಗಿದ್ದು 1967ರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ಅವನು ವೇದಿಕೆಯ ಮೇಲೆ ಕೆಲವೊಮ್ಮೆ ಗಿಟಾರ್ ನುಡಿಸದೆ ಸುಮ್ಮನೆ ನಿಂತುಬಿಡುತ್ತಿದ್ದ. ಅವನ ಕೇಂಬ್ರಿಜ್ ಗೆಳೆಯ ಗಿಲ್ಮೋರ್‌ನನ್ನು ಐದನೆಯವನಾಗಿ ಕರೆತಂದರು. 1968ರ ಜನವರಿಯಲ್ಲಿ ಸೌತಾಂಪ್ಟನ್ ಕಾರ್ಯಕ್ರಮಕ್ಕೆ ಹೊರಟಾಗ, ಸಿಡ್‌ನನ್ನು ಕರೆದುಕೊಂಡು ಹೋಗೋಣವಾ ಅಂತ ಯಾರೋ ಕೇಳಿದರು, ಬೇಡ ಅಂದರು, ಹೋದರು. ಏಪ್ರಿಲ್‌ನಲ್ಲಿ ಅವನು ಬ್ಯಾಂಡಿನಲ್ಲಿಲ್ಲ ಅಂತ ಅಧಿಕೃತವಾಗಿ ಹೇಳಿದರು, ಜೂನ್ ಕೊನೆಗೆ ಆಲ್ಬಂ ಬಂತು. ಈಗ ಹಾಡಿನ ಮೊದಲ ಸಾಲುಗಳನ್ನು ಮತ್ತೆ ಕೇಳಿ. ನನ್ನ ಬಗ್ಗೆ ಯೋಚಿಸಿದ್ದಕ್ಕೆ ಉಪಕಾರವಾಯಿತು, ನಾನಿಲ್ಲಿ ಇಲ್ಲ ಅಂತ ಸ್ಪಷ್ಟ ಮಾಡಿದ್ದಕ್ಕೂ ಋಣಿ, ಅನ್ನುವ ಧಾಟಿ. ಅವನನ್ನು ಬಿಟ್ಟುಹೋಗುವ ತಿಂಗಳುಗಳ ಮುಂಚೆ ಬರೆದಿದ್ದು ಇದು.

ನಡುವೆ ನುಗ್ಗುವ ಹಿತ್ತಾಳೆ ವಾದ್ಯಗಳು ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯ ಬ್ಯಾಂಡಿನವರದು. ಅವರು ಮನಸ್ಸಿಗೆ ಬಂದದ್ದು ನುಡಿಸಲಿ ಅಂತ ಸಿಡ್, ಬರೆದುಕೊಟ್ಟದ್ದನ್ನೇ ನುಡಿಸಲಿ ಅಂತ ಸ್ಮಿತ್. ಕೇಳುವಾಗ ಎರಡೂ ಇದೆ ಅನ್ನಿಸುತ್ತದೆ. ಆಮೇಲೆ ಎಲ್ಲವೂ ಕತ್ತರಿಸಿದ ಹಾಗೆ ನಿಂತು, ಸಿಡ್ ಒಬ್ಬನೇ ಒಂದು ಅಕೂಸ್ಟಿಕ್ ಗಿಟಾರ್ ಹಿಡಿದು ಕೆಲವೇ ಸಾಲು ಹಾಡುತ್ತಾನೆ. ಆಟೋಪ್ಲೇ ಆಫ್ ಮಾಡಿ ಅಂದಿದ್ದು ಇದಕ್ಕೇ.

ಇಷ್ಟವಾದರೆ ಮುಂದೆ ಹೋಗಬೇಕಾದ್ದು 1969ರ 'ಉಮ್ಮಾಗುಮ್ಮಾ'ದ ಲೈವ್ ಭಾಗಕ್ಕೆ. ಶೀರ್ಷಿಕೆ ಹಾಡೂ ಸೂರ್ಯನ ಹಾಡೂ ಅಲ್ಲಿವೆ, ಎರಡೂ ಸ್ಟುಡಿಯೋಗಿಂತ ಒರಟು, ನನ್ನ ಕಿವಿಗೆ ಶೀರ್ಷಿಕೆ ಹಾಡಿನ ಕೊನೆಯ ಭಾಗ ಅಲ್ಲೇ ಜಾಸ್ತಿ ಚೆನ್ನ. ಕಣ್ಣಲ್ಲೂ ನೋಡಬೇಕು ಅಂದರೆ ಪಾಂಪೆಯ ಪಾಳುಬಿದ್ದ ರಂಗಮಂದಿರದಲ್ಲಿ 1971ರಲ್ಲಿ ಚಿತ್ರೀಕರಿಸಿದ್ದು ಇದೆ, ವಾಟರ್ಸ್ ಜಾಗಟೆ ಬಡಿಯೋದನ್ನು ತಪ್ಪಿಸಬೇಡಿ. ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದು ನೆನಪಿದ್ದವರು, ಅದೇ ಪ್ರವಾಸದ 2000ರ ಲೈವ್ ಆಲ್ಬಂನಲ್ಲೂ ಸೂರ್ಯನ ಹಾಡನ್ನು ಹುಡುಕಬಹುದು. ಎಲ್‌ಪಿ ಪ್ಲೇಯರ್ ಇರುವವರಿಗೆ 2019ರಲ್ಲಿ ಮತ್ತೆ ಅಚ್ಚಾದ, ಎಡ ಬಲ ಬೇರೆಯಿಲ್ಲದ ಮೊನೋ ಮಿಕ್ಸ್ ಇದೆ, ಆದರೆ ಅದು ಆಮೇಲಿನ ಮಾತು, ಮೊದಲು ಸ್ಟೀರಿಯೋ ಕೇಳಿ. ಡ್ರಮ್ಸ್ ಹುಚ್ಚು ಹಿಡಿದವರು ಮೇಸನ್ 2018ರಲ್ಲಿ ಕಟ್ಟಿದ ಬ್ಯಾಂಡನ್ನು ಹುಡುಕಿ. ಬರೀ ಹಳೆಯ ಹಾಡುಗಳನ್ನೇ ನುಡಿಸುವ ಆ ಬ್ಯಾಂಡಿಗೆ ಅವನು ಇಟ್ಟ ಹೆಸರು ಈ ಆಲ್ಬಂನದೇ.