ಬಾಡಿಗೆ ಮನೆಯ ನೀರಿನ ಬಿಲ್ ದುಪ್ಪಟ್ಟಾದಾಗ: ನನ್ನ ಅನುಭವ

ಬಾಡಿಗೆಗೆ ಕೊಟ್ಟ ಮನೆಯ ನೀರಿನ ಬಿಲ್ ಇದ್ದಕ್ಕಿದ್ದಂತೆ ದುಪ್ಪಟ್ಟಾಯಿತು. 'ನಾವು ಮೊದಲಿನಷ್ಟೇ ಬಳಸುತ್ತಿದ್ದೇವೆ, ಇದನ್ನು ನಾವ್ಯಾಕೆ ಕಟ್ಟಬೇಕು?' ಎಂದರು ಬಾಡಿಗೆದಾರರು. ನ್ಯಾಯವಾದ ಪ್ರಶ್ನೆಯೇ. ಮಾತು ಬೆಳೆಸದೆ, ಮೀಟರ್ ನೋಡೋಣ ಬನ್ನಿ ಅಂದೆ.

ನಲ್ಲಿಗಳನ್ನೆಲ್ಲ ಬಂದ್ ಮಾಡಿ ಇಬ್ಬರೂ ಮೀಟರ್ ಮುಂದೆ ನಿಂತೆವು. ಅದರ ಮೇಲಿನ ಪುಟ್ಟ ಚಕ್ರ ನಿಧಾನಕ್ಕೆ ತಿರುಗುತ್ತಲೇ ಇತ್ತು. ಅಂದರೆ ಎಲ್ಲೋ ಸೋರುತ್ತಿದೆ. ಆದರೆ ಗೋಡೆ ಒದ್ದೆಯಿಲ್ಲ, ನೆಲದ ಮೇಲೆ ಹನಿಯಿಲ್ಲ. ಇಂಥ ಕಡೆ ಮೊದಲ ಅನುಮಾನ ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕ್ ಮೇಲೆ. ಮುಚ್ಚಳ ತೆಗೆದು, ಅಡುಗೆಗೆ ಬಳಸುವ ಕೆಂಪು ಬಣ್ಣ ಒಂದೆರಡು ಹನಿ ಹಾಕಿದೆ. ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು ನೋಡಿದರೆ ಕಮೋಡಿನೊಳಗೆ ಕೆಂಪು ಗೆರೆ ಇಳಿದಿತ್ತು! ಟ್ಯಾಂಕ್ ತಳದಲ್ಲಿ ನೀರು ತಡೆಯುವ ರಬ್ಬರ್ ಗಟ್ಟಿಯಾಗಿ ಅಂಚು ಸೊಟ್ಟಗಾಗಿತ್ತು. ಸದ್ದೇ ಇಲ್ಲದ ಸೋರಿಕೆ, ಯಾರಿಗೆ ತಾನೇ ಗೊತ್ತಾಗಬೇಕು?

ಟ್ಯಾಂಕಿಗೆ ಬರುವ ನೀರು ನಿಲ್ಲಿಸಿ, ಅದೇ ಅಳತೆಯ ಹೊಸ ರಬ್ಬರ್ ಹಾಕಿದೆ. ಅದು ಕೂರುವ ಜಾಗದಲ್ಲಿ ಉಪ್ಪುನೀರಿನ ಬಿಳಿ ಪದರ ಕಟ್ಟಿರುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಹೊಸದೂ ಸೋರುತ್ತದೆ. ಅದನ್ನೂ ಉಜ್ಜಿ ಹೊಸ ರಬ್ಬರ್ ಕೂರಿಸಿದ ಮೇಲೆ ಮೀಟರಿನ ಚಕ್ರ ನಿಂತಿತು.

ದುಡ್ಡು ಯಾರು ಕೊಡಬೇಕು? ರಬ್ಬರ್ ಸವೆಯುವುದು ಸಹಜ, ಅವರ ತಪ್ಪಲ್ಲ. ಹೆಚ್ಚುವರಿ ಬಿಲ್ ನಾನೇ ಕಟ್ಟಿದೆ. ಇಷ್ಟಕ್ಕೆ ಸುಮ್ನೆ ಡೆಪಾಸಿಟ್‌ಗೆ ಕೈಹಾಕಿ, ಅವರು ಮನೆ ಬಿಟ್ಟು ಹೋದರೆ ನಷ್ಟ ಇನ್ನೂ ಜಾಸ್ತಿ ಅಲ್ವಾ? ಸೋರಿಕೆ ಕಂಡ ಕೂಡಲೇ ಬರೆದು ತಿಳಿಸಬೇಕು ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸಿದೆವು. ಪ್ರತಿ ತಿಂಗಳು ಮೀಟರಿನ ಫೋಟೊ ಕಳಿಸುವುದು ಅವರದೇ ಸಲಹೆ.