ಒಂದು ಚೌಕಕ್ಕೆ ಒಂದೇ ಕೆಲಸ

“ಇದರಲ್ಲಿ ಯಾವುದನ್ನು ಬಿಡಿಸಲಿ?”

ನನ್ನ ಮೊದಲ ಕಾಮಿಕ್ಸ್ ಸ್ಕ್ರಿಪ್ಟ್ ಓದಿ ಚಿತ್ರ ಬಿಡಿಸುವ ಹುಡುಗ ಕಳಿಸಿದ ಉತ್ತರ ಇಷ್ಟೇ. ನಾನು ಬರೆದಿದ್ದು ಹೀಗಿತ್ತು: ‘ಪುಟ 1, ಚೌಕ 1. ಲೀಲಕ್ಕ ಬಾಗಿಲು ತೆಗೆದು ಹೊರಗೆ ಬರುತ್ತಾಳೆ, ಸೇತುವೆ ಅಲುಗಾಡುವುದನ್ನು ನೋಡಿ ಬೆಚ್ಚುತ್ತಾಳೆ, ಚಪ್ಪಲಿಯನ್ನೂ ಹಾಕದೆ ಓಡುತ್ತಾಳೆ.’ ಓದೋಕೆ ಚೆನ್ನಾಗಿದೆ ಅಲ್ವಾ? ಆದರೆ ಚೌಕ ಅಂದರೆ ಪುಟದ ಮೇಲಿನ ಒಂದು ಚಿತ್ರ, ಅದು ಅಲ್ಲಾಡುವುದಿಲ್ಲ. ಬಾಗಿಲು ತೆಗೆಯುವ ಕೈ, ಬೆಚ್ಚಿದ ಮುಖ, ಓಡುವ ಕಾಲು, ಮೂರೂ ಒಂದೇ ಚೌಕದಲ್ಲಿ ಬರಬೇಕಾದರೆ ಮೂವರು ಲೀಲಕ್ಕ ಬೇಕು. ನಾನು ಕಥೆ ಬರೆದಿದ್ದೆ. ಅವನಿಗೆ ಬೇಕಾಗಿದ್ದು ಚಿತ್ರ.

ನಾನಿರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಹಗಲು ಕಂಪ್ಯೂಟರ್ ಮುಂದೆ ಅಂಕಿ ನೋಡುವ ಕೆಲಸ. ಸೂಪರ್‌ಹೀರೋ ವಿಷಯದಲ್ಲಿ ನನ್ನ ಜ್ಞಾನ ಚಿಕ್ಕಂದಿನ ಬಾಲಮಂಗಳದ ಡಿಂಗನ ಹತ್ತಿರವೇ ನಿಂತಿತ್ತು. ಹಾರುವ ಇಲಿ, ಸೊಂಟದ ಮೇಲೆ ಕೈ. ಅದಕ್ಕಿಂತ ಮುಂದೆ ಹೋಗಿರಲಿಲ್ಲ.

ಲೀಲಕ್ಕ ಹುಟ್ಟಿದ್ದು 2022ರ ಜನವರಿ 28ರಂದು. ಅವತ್ತು ಬೆಳಗ್ಗೆ ನಮ್ಮೂರಿನ ಫರ್ನ್ ಹಾಲೋ ಸೇತುವೆ ಕಣಿವೆಗೆ ಕುಸಿದು ಬಿತ್ತು. ಮೇಲೆ ಒಂದು ಉದ್ದದ ಸಿಟಿ ಬಸ್ ಇತ್ತು, ಕೆಲವು ಕಾರುಗಳಿದ್ದವು. ಹತ್ತು ಜನರಿಗೆ ಪೆಟ್ಟಾಯಿತು, ಯಾರೂ ಸಾಯಲಿಲ್ಲ. ರಸ್ತೆ, ಸೇತುವೆಗಳ ಬಗ್ಗೆ ಮಾತಾಡಲು ಅಮೆರಿಕದ ಅಧ್ಯಕ್ಷರು ಅದೇ ದಿನ ಊರಿಗೆ ಬರುವವರಿದ್ದರು. ಕಥೆಯಲ್ಲಿ ಹೀಗೆ ಬರೆದರೆ ಯಾರೂ ನಂಬಲ್ಲ. ಆ ಸೇತುವೆಯ ಮೇಲೆ ನಾನು ಎಷ್ಟು ಸಲ ಹೋಗಿದ್ದೆನೋ ಲೆಕ್ಕವಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ 446 ಸೇತುವೆ ಇವೆ ಅಂತ ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಅವತ್ತಿನಿಂದ ನನಗೆ ಆ ಸಂಖ್ಯೆ ಕೇಳಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಕಾರು ಸೇತುವೆ ಹತ್ತಿದ ಕೂಡಲೇ ರೇಡಿಯೋ ಆಫ್ ಮಾಡಿ ಕಿವಿ ಕೊಡುವ ಅಭ್ಯಾಸ ಶುರುವಾಯಿತು. ಹಾಗೆ ಕೇಳುತ್ತಾ ಕೇಳುತ್ತಾ ಒಂದು ಯೋಚನೆ ಬಂತು. ಕಬ್ಬಿಣಕ್ಕೆ ಎಲ್ಲಿ ನೋಯುತ್ತಿದೆ ಅಂತ ಕೈಯಿಟ್ಟರೆ ಸಾಕು, ಕೇಳಿಸುವ ಒಬ್ಬ ಹೆಂಗಸಿದ್ದರೆ? 58 ವರ್ಷ, ಮೊಣಕಾಲು ನೋವು, ಹಾರಲು ಬರಲ್ಲ.

ಆ ಚಿತ್ರಕಾರ ಹುಡುಗನ ಉತ್ತರ ಬಂದ ವಾರ ನಾನು ಕಾರ್ನೆಗಿ ಲೈಬ್ರರಿಗೆ ಹೋಗಿ ಹಳೆಯ ಕಾಮಿಕ್ಸ್‌ಗಳ ಮರುಮುದ್ರಣ ಹುಡುಕಿದೆ. ಅಲ್ಲಿನ ಒಬ್ಬರು ಒಂದು ದಪ್ಪ ಪುಸ್ತಕ ಕೈಗಿಟ್ಟು, ಇದರಲ್ಲಿನ ಎಷ್ಟೋ ಕಥೆ ಬರೆದವನು ನಮ್ಮೂರಿನ ಹುಡುಗ, ಆಗ ಅವನಿಗೆ 14 ವರ್ಷ ಅಂದರು. ಹೆಸರು ಜಿಮ್ ಶೂಟರ್.

ಶೂಟರ್ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಪಾಠವೆಲ್ಲ ಅಲ್ಲಿಂದಲೇ ಬಂದಿದ್ದು. ಹುಟ್ಟಿದ್ದು 1951ರಲ್ಲಿ. ಅಪ್ಪ ಉಕ್ಕಿನ ಕೆಲಸಗಾರ, ಮನೆಯಲ್ಲಿ ದುಡ್ಡಿಗೆ ತೊಂದರೆ. 12ನೇ ವಯಸ್ಸಿನಲ್ಲಿ ಆಸ್ಪತ್ರೆ ಸೇರಿದಾಗ ವಾರ್ಡಿನಲ್ಲಿ ಕಾಮಿಕ್ಸ್ ರಾಶಿ ಇತ್ತು. ಅದರಲ್ಲಿ ಮಾರ್ವೆಲ್ ಕಂಪನಿಯವು ಮಕ್ಕಳು ಓದಿ ಓದಿ ಹರಿದು ಹೋಗಿದ್ದವು. ಸೂಪರ್‌ಮ್ಯಾನ್ ತರುತ್ತಿದ್ದ ಡಿಸಿ ಕಂಪನಿಯವು ಹೊಸದರ ಹಾಗೇ ಇದ್ದವು. ಹುಡುಗ ಇದನ್ನು ಗಮನಿಸಿದ. ಮನೆಗೆ ಬಂದ ಮೇಲೆ ಸುಮಾರು ಒಂದು ವರ್ಷ ಎರಡೂ ಕಂಪನಿಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಇದು ಯಾಕೆ ಹಿಡಿಸುತ್ತದೆ, ಅದು ಯಾಕೆ ಹಿಡಿಸುವುದಿಲ್ಲ ಅಂತ ಪರೀಕ್ಷೆಗೆ ಓದಿದ ಹಾಗೆ ಓದಿದ. ಆಮೇಲೆ ಕಥೆ ಕಳಿಸಿದ್ದು ಯಾರಿಗೆ? ಡಿಸಿಗೆ! ಸಹಾಯ ಬೇಕಾಗಿದ್ದು ಅವರಿಗೆ ತಾನೇ.

ಡಿಸಿಯಲ್ಲಿ ಸೂಪರ್‌ಮ್ಯಾನ್ ಪುಸ್ತಕಗಳ ಸಂಪಾದಕ ಮಾರ್ಟ್ ವೈಸಿಂಗರ್. ಕಥೆ ಹಿಡಿಸಿ ಇನ್ನಷ್ಟು ಕಳಿಸು ಅಂದರು. 1966ರಲ್ಲಿ ‘ಅಡ್ವೆಂಚರ್ ಕಾಮಿಕ್ಸ್’ 346ನೇ ಸಂಚಿಕೆಯಲ್ಲಿ ಹುಡುಗನ ಕಥೆ ಅಚ್ಚಾಯಿತು. ಮುಂದಿನ ಮೂರ್ನಾಲ್ಕು ವರ್ಷ ದಿನಾ ಶಾಲೆಯಿಂದ ಬಂದ ಮೇಲೆ ಕಥೆ, ಮನೆಗೆ ದುಡ್ಡು. ವೈಸಿಂಗರ್ ಫೋನಿನಲ್ಲಿ ಬೈಯುತ್ತಿದ್ದ ರೀತಿಯನ್ನು ಶೂಟರ್ ದೊಡ್ಡವನಾದ ಮೇಲೂ ಮರೆಯಲಿಲ್ಲ, ಸಂದರ್ಶನಗಳಲ್ಲಿ ಹೇಳುತ್ತಲೇ ಇದ್ದ.

ನನಗೆ ಮುಖ್ಯವಾಗಿದ್ದು ಇದು: ಕಾಮಿಕ್ಸ್ ಸ್ಕ್ರಿಪ್ಟ್ ಹೇಗಿರುತ್ತದೆ ಅಂತ ಆ ಹುಡುಗನಿಗೆ ಗೊತ್ತಿರಲಿಲ್ಲ. ಅದಕ್ಕೇ ಪ್ರತಿ ಪುಟವನ್ನೂ ಚೌಕ ಹಾಕಿ, ಪೆನ್ಸಿಲ್‌ನಲ್ಲಿ ಬಿಡಿಸಿ, ಮಾತಿನ ಗುಳ್ಳೆ ತುಂಬಿಸಿ ಕಳಿಸಿದ್ದ. ಗೊತ್ತಿಲ್ಲದೆ ಮಾಡಿದ್ದೇ ಅವನನ್ನು ಕಾಪಾಡಿತು. ಚೌಕ ಹಾಕಿದವನು ಒಂದರಲ್ಲಿ ಮೂರು ಕೆಲಸ ತುರುಕಲಾರ. ಕೈಯೇ ನಿಲ್ಲಿಸುತ್ತದೆ.

ನನಗೆ ಚಿತ್ರ ಬರಲ್ಲ. ಕಡ್ಡಿ ಗೊಂಬೆ ಬರುತ್ತದೆ. ನಾಲ್ಕು ಹಾಳೆ ತಗೊಂಡು ಮಧ್ಯಕ್ಕೆ ಮಡಚಿ ಒಂದರೊಳಗೊಂದು ಸೇರಿಸಿದೆ, 16 ಪುಟದ ಪುಟ್ಟ ಪುಸ್ತಕ ಆಯಿತು. ಅದರಲ್ಲಿ ಕಡ್ಡಿ ಲೀಲಕ್ಕನನ್ನು ಬಿಡಿಸುತ್ತಾ ಹೋದೆ. ಮೊದಲ ಸಾಲಿನ ಮೂರು ಕೆಲಸ ಮೂರು ಚೌಕವಾಯಿತು. ಆಮೇಲೆ ಎರಡಾಯಿತು, ಬಾಗಿಲು ತೆಗೆಯುವುದು ಬೇಡವೇ ಬೇಡ ಅನ್ನಿಸಿತು. ಕೊನೆಗೆ ಒಂದೇ ಉಳಿಯಿತು: ಖಾಲಿ ಹೊಸ್ತಿಲು, ಪಕ್ಕದಲ್ಲಿ ಎರಡು ಚಪ್ಪಲಿ. ಹೊರಗೆ ದೂರದಲ್ಲಿ ಸೇತುವೆ. ಲೀಲಕ್ಕ ಚೌಕದಲ್ಲೇ ಇಲ್ಲ. ಈ ಚೌಕ ಬರೆಯಲು ನನಗೆ ಒಂಬತ್ತು ದಿನ ಬೇಕಾಯಿತು, ನಗಬೇಡಿ.

ಮಡಚಿದ ಹಾಳೆಯಿಂದ ಇನ್ನೊಂದು ವಿಷಯ ತಿಳಿಯಿತು. ಪುಸ್ತಕ ತೆರೆದರೆ 1ನೇ ಪುಟ ಬಲಕ್ಕೆ. ಆಮೇಲೆ 2 ಮತ್ತು 3 ಎದುರುಬದುರು. ಓದುವವರ ಕಣ್ಣು 2ನ್ನು ಓದುವಾಗಲೇ 3ರ ಕಡೆ ಕಳ್ಳನೋಟ ಹಾಕಿರುತ್ತದೆ. ಹಾಗಾಗಿ ಬೆಚ್ಚಿಬೀಳಿಸುವುದೇನಿದ್ದರೂ 4ರಲ್ಲಿ, 6ರಲ್ಲಿ, 8ರಲ್ಲಿ ಇರಬೇಕು. ಹಾಳೆ ತಿರುಗಿಸಿದರೆ ಮಾತ್ರ ಕಾಣುವ ಜಾಗ ಅದು. ಮುಂದೆ ಪುಟ ಕಡಿಮೆ ಮಾಡಿದಾಗ ಸೇತುವೆ ಬೀಳತೊಡಗುವುದು 5ರಲ್ಲಿ ಬಂದಿತ್ತು. ಒಂದು ಪುಟ ಹಿಂದೆ ತಂದೆ, ಅಷ್ಟೇ. ಕಥೆಯ ಒಂದಕ್ಷರ ಬದಲಾಗಲಿಲ್ಲ, ಆದರೂ ಓದಿದವರು ಆ ಜಾಗದಲ್ಲಿ ಉಸಿರು ಹಿಡಿಯತೊಡಗಿದರು.

ಇನ್ನು ಸಣ್ಣಪುಟ್ಟ ನಿಯಮಗಳು. ಮೊದಲು ಮಾತಾಡುವವರು ಚೌಕದ ಎಡಗಡೆ ನಿಂತಿರಬೇಕು, ಇಲ್ಲದಿದ್ದರೆ ಗುಳ್ಳೆಗಳ ಬಾಲ ಒಂದರ ಮೇಲೊಂದು ಹಾಯುತ್ತವೆ. ಚೌಕಕ್ಕೆ 35 ಪದಕ್ಕಿಂತ ಜಾಸ್ತಿ ಬೇಡ ಅನ್ನುವ ಲೆಕ್ಕ ಕಾಮಿಕ್ಸ್ ಬರೆಯುವವರ ನಡುವೆ ಓಡಾಡುತ್ತದೆ, ಅದೂ ವೈಸಿಂಗರ್ ಹೆಸರಿನಲ್ಲೇ. ಇಂಗ್ಲಿಷಿಗೆ ಸರಿ. ನಮ್ಮ ಕನ್ನಡ ಕೂಟದ ಮಕ್ಕಳಿಗೆ ಅಂತ ಕನ್ನಡದಲ್ಲೂ ಒಂದು ಪ್ರತಿ ಮಾಡಿದೆ, ಆಗ ಆ ಲೆಕ್ಕ ಕೈಕೊಟ್ಟಿತು. ‘ಹೋಗಬೇಕಾಗಿರಲಿಲ್ಲವಲ್ಲ’ ಒಂದೇ ಪದ ತಾನೇ? ಅದನ್ನು ಹೆಬ್ಬೆರಳಿನಷ್ಟು ಅಗಲದ ಗುಳ್ಳೆಯಲ್ಲಿ ಎಲ್ಲಿ ಮುರಿಯುತ್ತೀರಿ? ಜೊತೆಗೆ ಒತ್ತಕ್ಷರ. ಅಮೆರಿಕದ ಕಾಮಿಕ್ಸ್‌ನಲ್ಲಿ ಮಾತೆಲ್ಲ ಸಾಮಾನ್ಯವಾಗಿ ಕ್ಯಾಪಿಟಲ್ ಅಕ್ಷರದಲ್ಲಿರುತ್ತದೆ, ಸಾಲುಗಳು ಇಟ್ಟಿಗೆಯಂತೆ ಒತ್ತಾಗಿ ಕೂರುತ್ತವೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮೂರು ಸಾಲಿನ ಜಾಗದಲ್ಲಿ ಎರಡೇ ಹಿಡಿಸುವುದು. ನಾನು ಚೌಕಕ್ಕೆ 15 ಪದ ಅಂತ ಗೆರೆ ಎಳೆದೆ. ‘ನೀನು ಅಲ್ಲಿಗೆ ಹೋಗಬೇಕಾಗಿರಲಿಲ್ಲವಲ್ಲ’ ಅನ್ನುವುದು ‘ಯಾಕೆ ಹೋದೆ?’ ಆಯಿತು. ಅಮ್ಮ ಮಗಳನ್ನು ಕೇಳುವುದೂ ಹಾಗೇ.

ಆದರೂ ಕಥೆ ಕುಂಟುತ್ತಿತ್ತು. ಎಲ್ಲಿ ಅಂತ ತಿಳಿಯಲಿಲ್ಲ. ಆಗ ಮತ್ತೆ ಶೂಟರ್ ಸಿಕ್ಕ. 1978ರಲ್ಲಿ ಅವನು ಮಾರ್ವೆಲ್‌ನ ಮುಖ್ಯ ಸಂಪಾದಕನಾದ. ಹೊಸ ಬರಹಗಾರರಿಗೆ ಕಥೆಯ ಕಟ್ಟು ಹೇಳಿಕೊಡಲು ಅವನು ಬಳಸುತ್ತಿದ್ದುದು ಇಂಗ್ಲಿಷಿನ ಒಂದು ಶಿಶುಗೀತೆ, ‘ಲಿಟ್ಲ್ ಮಿಸ್ ಮಫೆಟ್’. ಪುಟ್ಟ ಹುಡುಗಿ ಕೂತು ಒಡೆದ ಹಾಲಿನ ಗಟ್ಟಿಯನ್ನೋ ಏನೋ ತಿನ್ನುತ್ತಿದ್ದಾಳೆ. ಜೇಡ ಬರುತ್ತದೆ. ಪಕ್ಕದಲ್ಲಿ ಕೂರುತ್ತದೆ. ಹುಡುಗಿ ಹೆದರಿ ಓಡುತ್ತಾಳೆ. ಮುಗಿಯಿತು. ಯಾರು, ಎಲ್ಲಿ, ಏನು ನೆಮ್ಮದಿ, ಆ ನೆಮ್ಮದಿ ಕೆಡಿಸಲು ಏನು ಬಂತು, ಕೊನೆಗೇನಾಯಿತು, ಎಲ್ಲವೂ ಇದೆ. ನಮ್ಮ ಬಾಯಾರಿದ ಕಾಗೆ, ಹೂಜಿಯ ಕಥೆಯನ್ನು ಹೀಗೇ ಬಿಚ್ಚಿ ನೋಡಿದೆ. ಅಲ್ಲಿ ಕಾಗೆ ಗೆಲ್ಲುತ್ತದೆ, ಇಲ್ಲಿ ಹುಡುಗಿ ಸೋಲುತ್ತಾಳೆ, ಎರಡೂ ಪೂರ್ತಿ ಕಥೆಗಳೇ. ಆಮೇಲೆ ನನ್ನ 16 ಪುಟ ತೆಗೆದು ಜೇಡ ಎಲ್ಲಿ ಬರುತ್ತದೆ ಅಂತ ಹುಡುಕಿದೆ. 11ನೇ ಪುಟದಲ್ಲಿ! ಅಲ್ಲಿಯವರೆಗೆ ಲೀಲಕ್ಕ ಕಾಫಿ ಕುಡಿಯುತ್ತಾ ತನ್ನ ಶಕ್ತಿಯ ಬಗ್ಗೆ ಯೋಚಿಸುತ್ತಿದ್ದಳು. ಆರು ಪುಟ ಕಿತ್ತು ಹಾಕಿದೆ. ನೋವಾಯಿತು, ಅದರಲ್ಲಿ ಒಂದು ಕಾಫಿ ವರ್ಣನೆ ಬಹಳ ಚೆನ್ನಾಗಿತ್ತು.

ಸಂಪಾದಕ ಶೂಟರ್‌ನನ್ನು ಎಲ್ಲರೂ ಮೆಚ್ಚಲಿಲ್ಲ. ಹಠಮಾರಿ, ಎಲ್ಲದರಲ್ಲೂ ಕೈ ಹಾಕುತ್ತಾನೆ ಅಂತ ಒಳ್ಳೊಳ್ಳೆಯವರು ಜಗಳವಾಡಿ ಹೊರಗೆ ಹೋದರು. 1987ರಲ್ಲಿ ಅವನನ್ನೂ ತೆಗೆದರು. ಮುಂದೆ ವ್ಯಾಲಿಯಂಟ್, ಡಿಫಯಂಟ್ ಅಂತ ಸ್ವಂತ ಕಂಪನಿ ಕಟ್ಟಲು ಹೋದ, ಒಂದರಿಂದ ಹೊರಗೆ ಬಂದ, ಇನ್ನೊಂದು ಬೇಗ ಮುಚ್ಚಿತು. ಅವನ ಜಗಳಗಳಲ್ಲಿ ಯಾರು ಸರಿ ಅಂತ ನಾನು ತೀರ್ಪು ಕೊಡಲಾರೆ. ಒಂದರಲ್ಲಿ ಮಾತ್ರ ನನ್ನ ಓಟು ಅವನಿಗೆ. ಎಕ್ಸ್‌-ಮೆನ್ ಅನ್ನುವ ಸೂಪರ್‌ಹೀರೋ ಗುಂಪಿನ ಕಥೆ ಬರೆಯುತ್ತಿದ್ದ ಕ್ರಿಸ್ ಕ್ಲೇರ್‌ಮಾಂಟ್ ಮತ್ತು ಚಿತ್ರಕಾರ ಜಾನ್ ಬರ್ನ್, ಜೀನ್ ಗ್ರೇ ಅನ್ನುವ ನಾಯಕಿ ಶಕ್ತಿಯ ಅಮಲಿನಲ್ಲಿ ಒಂದು ನಕ್ಷತ್ರವನ್ನೇ ನುಂಗುವ ಕಥೆ ಮಾಡಿದರು. ಅದರ ಸುತ್ತಲಿದ್ದ ಒಂದು ಗ್ರಹದ ಜನರೆಲ್ಲ ಸತ್ತರು. ಕೊನೆಯಲ್ಲಿ ಅವಳ ಶಕ್ತಿ ಹೋಗಿ ಮನೆಗೆ ವಾಪಸ್ ಬರುವುದು ಅವರ ಯೋಜನೆ. ಇಷ್ಟು ಜನರನ್ನು ಕೊಂದವಳು ಸುಮ್ನೆ ಮನೆಗೆ ಹೋಗುವುದು ಹೇಗೆ ಅಂತ ಶೂಟರ್ ಅಡ್ಡ ನಿಂತ. 1980ರ 137ನೇ ಸಂಚಿಕೆಯ ಕೊನೆಯನ್ನು ಬದಲಿಸಿದರು, ಜೀನ್ ಸತ್ತಳು. ಈಗಲೂ ಜನ ಆ ಸಂಚಿಕೆಯನ್ನು ನೆನೆಯುತ್ತಾರೆ.

ನನ್ನ ಲೀಲಕ್ಕ ಯಾರನ್ನೂ ಕೊಂದಿಲ್ಲ. ಆದರೆ ಅವಳಿಗೆ ಈ ಶಕ್ತಿ ಪುಕ್ಕಟೆ ಸಿಕ್ಕಿತ್ತು. ಸೇತುವೆ ಉಳಿಸಿದಳು, ಮನೆಗೆ ಬಂದಳು, ಮತ್ತೆ ಕಾಫಿ. ಏನೂ ಕಳೆದುಕೊಳ್ಳಲಿಲ್ಲ. ಈಗ ಹೀಗಿದೆ: ಒಂದೊಂದು ಸಲ ಕಬ್ಬಿಣದ ದನಿ ಕೇಳಿದಾಗಲೂ ಮನುಷ್ಯರ ದನಿ ಅವಳಿಗೆ ಸ್ವಲ್ಪ ಸ್ವಲ್ಪ ಕಡಿಮೆ ಕೇಳಿಸುತ್ತದೆ. ಕೊನೆಯ ಪುಟದಲ್ಲಿ ಮೊಮ್ಮಗಳು ಏನೋ ಹೇಳುತ್ತಾಳೆ. ಗುಳ್ಳೆ ಇದೆ, ಒಳಗೆ ಅಕ್ಷರ ಇಲ್ಲ. ಇದನ್ನು ಕಾಮಿಕ್ಸ್‌ನಲ್ಲಿ ಬಿಟ್ಟು ಬೇರೆಲ್ಲೂ ಮಾಡಲಾಗದು ಅನ್ನುವ ಸಣ್ಣ ಜಂಬ ನನಗಿದೆ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಚಿತ್ರಕಾರನಿಗೆ ಪುಟಕ್ಕೆ ಇಷ್ಟು ಅಂತ ಮೊದಲೇ ಕೊಟ್ಟೆ, ಲೀಲಕ್ಕ ಇಬ್ಬರಿಗೂ ಅರ್ಧರ್ಧ ಸೇರಿದ್ದು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಸ್ನೇಹಿತರ ನಡುವೆ ಯಾಕೆ ಇದೆಲ್ಲ ಅಂತ ಅವನು ನಕ್ಕ. ನಾನು ಅವನಿಗೆ ಸ್ಪೈಡರ್‌ಮ್ಯಾನ್‌ನ ಕಪ್ಪು ಉಡುಪಿನ ಕಥೆ ಹೇಳಿದೆ. ಆ ಯೋಚನೆ ಒಬ್ಬ ಓದುಗನದು, ಶೂಟರ್ ಕಾಲದಲ್ಲಿ ಮಾರ್ವೆಲ್ ಅದಕ್ಕೆ ಕೊಟ್ಟಿದ್ದು 220 ಡಾಲರ್. ಆಮೇಲೆ ಆ ಕಪ್ಪು ಉಡುಪು ವೆನಮ್ ಅನ್ನುವ ಪಾತ್ರವಾಗಿ ಸಿನಿಮಾಗಳಿಗೂ ಬಂತು. ಅವನು ನಗು ನಿಲ್ಲಿಸಿ ಸಹಿ ಹಾಕಿದ.

ನೂರು ಪ್ರತಿ ಅಚ್ಚು ಹಾಕಿಸಿದೆವು. ಮುದ್ರಣದವರು ಮೊದಲ ಸಲ 4 ಮತ್ತು 5ನೇ ಪುಟ ಅದಲುಬದಲು ಮಾಡಿದ್ದರು. ನನ್ನ ಒಂಬತ್ತು ತಿಂಗಳ ಲೆಕ್ಕಾಚಾರ ನೀರುಪಾಲು! ಜಗಳವಾಡದೆ ಮತ್ತೆ ಹಾಕಿಕೊಟ್ಟರು, ಅದು ಪುಣ್ಯ. ಆಮೇಲೆ ಒಂದು ಕಾಮಿಕ್ಸ್ ಮೇಳದಲ್ಲಿ ಟೇಬಲ್ ಹಿಡಿದು ಎರಡು ದಿನ ಕೂತೆ. ಪಕ್ಕದ ಟೇಬಲ್‌ನವರು ಬಣ್ಣಬಣ್ಣದ ಪೋಸ್ಟರ್ ಮಾರುತ್ತಿದ್ದರು, ಅಲ್ಲಿ ಸಾಲು. ನಮ್ಮ ಹತ್ತಿರ ಬಂದವರಲ್ಲಿ ಅರ್ಧ ಜನ ಶೌಚಾಲಯ ಎಲ್ಲಿ ಅಂತ ಕೇಳಿದವರು. ಒಬ್ಬ ಹುಡುಗ ಮಾತ್ರ, ಹತ್ತು ವರ್ಷ ಇರಬಹುದು, ನಿಂತುಕೊಂಡೇ ಓದಿದ. 4ನೇ ಪುಟಕ್ಕೆ ತಿರುಗಿಸಿದ. ನಿಂತ. ಮತ್ತೆ 3ಕ್ಕೆ ಹಿಂದೆ ಹೋಗಿ ಏನನ್ನೋ ಹುಡುಕಿ, ಮತ್ತೆ 4ಕ್ಕೆ ಬಂದ. ನಾನು ಟೇಬಲ್ ಕೆಳಗೆ ಚಿತ್ರಕಾರನ ಕಾಲು ತುಳಿದೆ.

31 ಪ್ರತಿ ಹೋದವು. ಉಳಿದವು ಮಂಚದ ಕೆಳಗಿವೆ, ಕನ್ನಡ ಕೂಟಕ್ಕೆ ಬಂದವರಿಗೆ ಕೊಡುತ್ತೇನೆ.

ಶೂಟರ್ 2025ರ ಜೂನ್ 30ರಂದು ತೀರಿಕೊಂಡ, 73 ವರ್ಷ. ಒಂದು ಸಲವಾದರೂ ಭೇಟಿಯಾಗಿ ಆ ಪೆನ್ಸಿಲ್ ಪುಟಗಳ ಬಗ್ಗೆ ಕೇಳಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಆ ವಾರವೇ ಎರಡನೇ ಪುಸ್ತಕ ಬರೆಯಲು ಕೂತೆ. ಈ ಸಲ ಸೇತುವೆ ಇಲ್ಲ, ಗುಡ್ಡ ಹತ್ತುವ ಹಳೆಯ ಇನ್‌ಕ್ಲೈನ್ ರೈಲು. ಪುಟ ಮಡಚಿ, ಕಡ್ಡಿ ಗೊಂಬೆ ಹಾಕಿ, ಜೇಡವನ್ನು 2ನೇ ಪುಟಕ್ಕೆ ತಂದು, ಪದ ಎಣಿಸಿ, ಬಹಳ ಧೈರ್ಯದಿಂದ ಕಳಿಸಿದೆ. ನಿನ್ನೆ ರಾತ್ರಿ ಉತ್ತರ ಬಂತು.

“ಪುಟ 5, ಚೌಕ 2. ಹಗ್ಗ ಹಿಡಿಯುತ್ತಾಳೋ, ಹಿಂದೆ ತಿರುಗಿ ನೋಡುತ್ತಾಳೋ?”